ಹರಿಹರದ ಮಾತೆ ಹಬ್ಬಕ್ಕೆ ಹೊರಡುವ ಮುನ್ನ: ಬ್ರಹ್ಮಗಿರಿ ಕಡೆಯವರಿಗೆ ಒಂದು ಕೈಪಿಡಿ

ನಮ್ಮ ಕಡೆಯವರಿಗೆ ಜಾತ್ರೆ ಅಂದ್ರೆ ಏನು ಅಂತ ಯಾರೂ ಹೇಳಿಕೊಡಬೇಕಾಗಿಲ್ಲ. ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿ ತೇರಿಗೆ ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯ ಮಕ್ಕಳು ನಡೆಯೋಕೆ ಕಲಿಯುವ ಮೊದಲೇ ಅಪ್ಪನ ಹೆಗಲ ಮೇಲೆ ಕೂತು ಹೋಗಿರ್ತಾರೆ. ಚಪ್ಪಲಿ ಎಲ್ಲಿ ಬಿಡಬೇಕು, ಯಾವಾಗ ಕೈ ಮುಗಿಯಬೇಕು, ತೇರು ಹೊರಡೋ ಮುಂಚೆ ಮುಕ್ತಿ ಬಾವುಟ ಯಾಕೆ ಹರಾಜು ಹಾಕ್ತಾರೆ ಇವೆಲ್ಲ ಪಾಠ ಮಾಡಿಸಿಕೊಳ್ಳದೆ ಬಂದ ವಿದ್ಯೆ. ಆದರೆ ಅದೇ ನಾವು ಒಂದು ಚರ್ಚಿನ ಬಾಗಿಲಿಗೆ ಹೋಗಿ ನಿಂತರೆ ಕೈಕಾಲು ಆಡೋದಿಲ್ಲ. ಒಳಗೆ ಹೋಗಬಹುದಾ? ಎಲ್ಲರೂ ಎದ್ದರೆ ನಾವೂ ಏಳಬೇಕಾ? ಸಾಲು ನಿಂತರೆ ನಾವೂ ನಿಲ್ಲಬೇಕಾ?

ಸೆಪ್ಟೆಂಬರ್ 8ರ ಹಬ್ಬಕ್ಕೆ ಹರಿಹರಕ್ಕೆ ಹೋಗೋಣ ಅಂತ ಕನ್ನಡ ಸಂಘದ ಕೆಲವರು ಮಾತಾಡಿಕೊಂಡಾಗ ಎರಡು ಕಡೆಯಿಂದ ಎರಡು ಮಾತು ಬಂತು. ಮನೆಯವರು, "ಅಲ್ಲಿಗೆಲ್ಲ ಯಾಕಪ್ಪ, ಹೋದವರನ್ನ ಅವರ ಮತಕ್ಕೆ ಸೇರಿಸ್ಕೊಂಡುಬಿಡ್ತಾರೆ" ಅಂದ್ರು. ಕಥೋಲಿಕ ಗೆಳೆಯ ಮಾತ್ರ, "ಬನ್ನಿ, ಖುಷಿ. ಆದ್ರೆ ಪರಮಪ್ರಸಾದದ ಸಾಲಿಗೆ ಮಾತ್ರ ಬರಬೇಡ್ರಪ್ಪ. ಯಾಕೆ ಅಂತ ಆಮೇಲೆ ಹೇಳ್ತೀನಿ" ಅಂದ. ಒಬ್ಬರಿಗೆ ನಾವು ಹೋಗೋದೇ ಭಯ, ಇನ್ನೊಬ್ಬನಿಗೆ ನಾವು ಗೊತ್ತಿಲ್ಲದೆ ಎಲ್ಲಿ ಅತಿ ಮಾಡಿಬಿಡ್ತೀವೋ ಅಂತ ಭಯ. ಈ ಎರಡೂ ಭಯಕ್ಕೆ ಉತ್ತರ ಒಂದೇ ಕಡೆ ಇದೆ: ಅಲ್ಲಿ ನಿಜವಾಗಿ ಏನು ನಡೆಯುತ್ತೆ ಅಂತ ತಿಳಿದುಕೊಳ್ಳೋದು. ನಾವು ಕೇಳಿ, ಓದಿ, ನೋಡಿ ತಿಳಿದಷ್ಟನ್ನು ಇಲ್ಲಿ ಬರೆದಿದ್ದೀವಿ.

ಯಾತ್ರೆ ನಮ್ಮ ಬಂಡೆಗೆ ಹೊಸದಲ್ಲ

ಬ್ರಹ್ಮಗಿರಿ ಅಂದ್ರೆ ಶಾಲೆಯ ಪುಸ್ತಕದಲ್ಲಿ ಅಶೋಕನ ಶಾಸನ ಇರುವ ಊರು, ಅಷ್ಟೇ. 1892ರಲ್ಲಿ ಬಿ. ಎಲ್. ರೈಸ್ ಅವರು ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಮೂರೂ ಕಡೆ ಇರುವ ಶಾಸನಗಳನ್ನು ಬೆಳಕಿಗೆ ತಂದರು. ಊರಿನವರು ಅದನ್ನು ಅಕ್ಷರಗುಂಡು ಅಂತ ಕರೀತಿದ್ರು. ಆ ಶಾಸನದಲ್ಲಿ 256 ಅನ್ನುವ ಒಂದು ಸಂಖ್ಯೆ ಇದೆ. ರಾಜ ಊರು ಬಿಟ್ಟು ಸಂಚಾರದಲ್ಲಿ ಕಳೆದ ರಾತ್ರಿಗಳ ಲೆಕ್ಕ ಅದು ಅಂತ ಅನೇಕ ವಿದ್ವಾಂಸರು ಓದಿದ್ದಾರೆ. ಅಂದರೆ ನಮ್ಮೂರ ಬಂಡೆ ಮೇಲಿರುವ ಅತಿ ಹಳೆಯ ಬರಹದಲ್ಲೇ ಮನೆ ಬಿಟ್ಟು ಹೊರಟವನ ಸುದ್ದಿ ಇದೆ. ಅದೇ ಶಾಸನ ತಂದೆತಾಯಿಗೆ ವಿಧೇಯರಾಗಿರಿ, ಪ್ರಾಣಿಗಳ ಮೇಲೆ ದಯೆ ಇಡಿ, ಸತ್ಯ ಹೇಳಿ, ಗುರುವನ್ನು ಗೌರವಿಸಿ ಅನ್ನುತ್ತೆ.

ಇನ್ನೊಂದು ಸಂಗತಿ ನಮಗೆ ನಿಜಕ್ಕೂ ಆಶ್ಚರ್ಯ ತಂತು. 1947ರಲ್ಲಿ ಮಾರ್ಟಿಮರ್ ವ್ಹೀಲರ್ ಬ್ರಹ್ಮಗಿರಿಯಲ್ಲಿ ಅಗೆಸಿದಾಗ, ಚಿತ್ರದುರ್ಗದ ಪಕ್ಕದ ಚಂದ್ರವಳ್ಳಿಯಲ್ಲೂ ಅಗೆಸಿದರು. ಚಂದ್ರವಳ್ಳಿಯಲ್ಲಿ ರೋಮ್ ಚಕ್ರವರ್ತಿ ಟೈಬೀರಿಯಸನ ಬೆಳ್ಳಿ ನಾಣ್ಯ ಸಿಕ್ಕಿತು. ಯೇಸುವನ್ನು ಶಿಲುಬೆಗೆ ಏರಿಸಿದಾಗ ರೋಮಿನಲ್ಲಿ ಆಳ್ತಾ ಇದ್ದವನು ಇದೇ ಟೈಬೀರಿಯಸ್. ಶಿಲುಬೆಯ ತೀರ್ಪು ಕೊಟ್ಟ ಪೊಂತಿಯ ಪಿಲಾತ ಅವನ ಕೈಕೆಳಗಿನ ಅಧಿಕಾರಿ. ಇವತ್ತಿಗೂ ಭಾನುವಾರದ ಪೂಜೆಯಲ್ಲಿ ಎಲ್ಲರೂ ಒಟ್ಟಿಗೆ ಹೇಳುವ ವಿಶ್ವಾಸ ಪ್ರಮಾಣದಲ್ಲಿ ಪಿಲಾತನ ಹೆಸರು ಬರುತ್ತೆ. ನಾವು ಕ್ರೈಸ್ತ ಧರ್ಮ ಅಂದ್ರೆ ಎಲ್ಲೋ ದೂರದ್ದು ಅಂದ್ಕೋತೀವಿ. ಆದರೆ ಆ ಕಾಲದ ದುಡ್ಡು ನಮ್ಮ ಜಿಲ್ಲೆಯ ಮಣ್ಣಲ್ಲೇ ಇತ್ತು.

ಹರಿಹರ ಯಾಕೆ?

ನಮ್ಮ ಕಡೆಯಿಂದ ಚಳ್ಳಕೆರೆ, ಚಿತ್ರದುರ್ಗ, ದಾವಣಗೆರೆ ದಾಟಿದರೆ ತುಂಗಭದ್ರೆಯ ದಡದಲ್ಲಿ ಹರಿಹರ ಸಿಗುತ್ತೆ. ಊರಿಗೆ ಹೆಸರು ಬಂದಿದ್ದು ಹರಿಹರೇಶ್ವರನಿಂದ. ಅರ್ಧ ಶಿವ, ಅರ್ಧ ವಿಷ್ಣು ಆಗಿರುವ ಆ ದೇವರ ಗುಡಿಯನ್ನು 1224ರ ಹೊತ್ತಿಗೆ ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವ ಕಟ್ಟಿಸಿದ. ಅದೇ ಊರಲ್ಲಿ ಆರೋಗ್ಯ ಮಾತೆಯ ಪುಣ್ಯಕ್ಷೇತ್ರ ಇದೆ. ತಮಿಳುನಾಡಿನ ವೇಲಾಂಕಣಿಯಲ್ಲಿ ಮರಿಯಮ್ಮನವರನ್ನು ಯಾವ ಹೆಸರಿನಿಂದ ಕರೀತಾರೋ ಇಲ್ಲೂ ಅದೇ ಹೆಸರು. ಕಾಯಿಲೆ ಬಿದ್ದವರು, ಮಕ್ಕಳಿಲ್ಲದವರು, ಕೆಲಸ ಸಿಗದವರು ಬರ್ತಾರೆ. ಬರುವವರಲ್ಲಿ ಕ್ರೈಸ್ತರು ಮಾತ್ರ ಇರೋದಿಲ್ಲ, ಹಿಂದೂಗಳು, ಮುಸ್ಲಿಮರು ಎಲ್ಲರೂ ಇರ್ತಾರೆ.

ಸೆಪ್ಟೆಂಬರ್ 8 ಮರಿಯಮ್ಮನವರ ಹುಟ್ಟುಹಬ್ಬ. ಡಿಸೆಂಬರ್ 8ಕ್ಕೆ ಆಕೆ ತಾಯಿಯ ಗರ್ಭದಲ್ಲಿ ಮೂಡಿದ ದಿನವನ್ನು ಆಚರಿಸುತ್ತಾರೆ, ಅಲ್ಲಿಂದ ಸರಿಯಾಗಿ ಒಂಬತ್ತು ತಿಂಗಳು ಎಣಿಸಿದರೆ ಈ ದಿನ ಬರುತ್ತೆ. ಹಬ್ಬಕ್ಕೆ ಮುಂಚೆ ಒಂಬತ್ತು ದಿನ ನಡೆಯುವ ಪ್ರಾರ್ಥನೆಗೆ ನೊವೇನ ಅನ್ನುತ್ತಾರೆ. ಲ್ಯಾಟಿನ್ನಿನಲ್ಲಿ ಒಂಬತ್ತು ಅನ್ನುವ ಪದದಿಂದಲೇ ಆ ಹೆಸರು ಬಂದಿದೆ. ಅದೇ ದಿನ ಮಂಗಳೂರು ಕಡೆಯ ಕೊಂಕಣಿ ಕಥೋಲಿಕರ ಮನೆಗಳಲ್ಲಿ ಮೋಂತಿ ಹಬ್ಬ. ಮಕ್ಕಳು ಬಾಲ ಮರಿಯಮ್ಮನ ಪ್ರತಿಮೆಗೆ ಹೂ ಹಾಕ್ತಾರೆ, ಹೊಸ ತೆನೆಯನ್ನು ಆಶೀರ್ವಾದ ಮಾಡಿಸಿ ಮನೆಗೆ ತಂದು ಊಟದಲ್ಲಿ ಬೆರೆಸ್ತಾರೆ, ಆ ದಿನ ಬರೀ ತರಕಾರಿ ಅಡುಗೆ. ಬೆಂಗಳೂರಿನ ಶಿವಾಜಿನಗರದಲ್ಲಿ ಆ ದಿನ ತೇರು ಎಳೀತಾರೆ, ಹರಕೆ ಹೊತ್ತವರು ಕಾವಿ ಬಣ್ಣದ ಸೀರೆ ಉಟ್ಟು ಬರ್ತಾರೆ. ತೇರು, ತೆನೆ, ಕಾವಿ, ಹರಕೆ ಯಾವುದೂ ನಮಗೆ ಅಪರಿಚಿತ ಅಲ್ಲ.

ಎಲ್ಲ ಚರ್ಚೂ ಒಂದೇ ಅಲ್ಲ

ನಾವು ಹೊರಗಿನವರು ಎಲ್ಲವನ್ನೂ ಚರ್ಚ್ ಅಂತ ಒಂದೇ ಮಾತಲ್ಲಿ ಮುಗಿಸಿಬಿಡ್ತೀವಿ. ಕನ್ನಡ ಸಂಘದವರಿಗೆ ಗೊತ್ತಿರುವ ಉದಾಹರಣೆ ಕೊಡೋದಾದರೆ, 1894ರ ನಿಘಂಟು ಮಾಡಿದ ಕಿಟ್ಟೆಲ್, 1843ರಲ್ಲಿ ಮಂಗಳೂರು ಸಮಾಚಾರ ಶುರು ಮಾಡಿದ ಮೋಗ್ಲಿಂಗ್ ಇಬ್ಬರೂ ಬಾಸೆಲ್ ಮಿಷನ್ನಿನವರು, ಅಂದರೆ ಪ್ರೊಟೆಸ್ಟಂಟರು. ಕಥೋಲಿಕರಲ್ಲ. ಕನ್ನಡ ನಾಡಿನಲ್ಲಿ ಕಥೋಲಿಕರ ಕಥೆ ಅದಕ್ಕೂ ಹಳೆಯದು. 17ನೇ ಶತಮಾನದಲ್ಲೇ ಇಟಲಿಯ ಯೇಸುಸಭೆಯ ಪಾದ್ರಿ ಲಿಯೊನಾರ್ಡೊ ಚಿನ್ನಮಿ ಮೈಸೂರು ಸೀಮೆಗೆ ಬಂದು ಕನ್ನಡ ಕಲಿತು, ಕನ್ನಡದಲ್ಲಿ ಧರ್ಮದ ಪ್ರಶ್ನೋತ್ತರ ಬರೆದಿದ್ದರು. ಆಮೇಲೆ ಬಂದ ಫ್ರೆಂಚ್ ಪಾದ್ರಿ ಅಬ್ಬೆ ದುಬುವಾ ನಮ್ಮವರ ಹಾಗೆ ಬಟ್ಟೆ ತೊಟ್ಟು, ಮೈಸೂರು ಸೀಮೆಯಲ್ಲಿ ಸಿಡುಬಿನ ಲಸಿಕೆ ಹಾಕಿಸೋ ಕೆಲಸ ಮಾಡಿದರು. ಜನ ಅವರನ್ನು ದೊಡ್ಡ ಸ್ವಾಮಿಯವರು ಅಂತ ಕರೆದರು.

ಹೊರಗಿನಿಂದ ಗುರುತು ಹಿಡಿಯೋದು ಸುಲಭ. ಕಥೋಲಿಕ ಚರ್ಚಿನಲ್ಲಿ ಮರಿಯಮ್ಮನವರ, ಸಂತರ ಪ್ರತಿಮೆಗಳಿರುತ್ತವೆ. ಪಾದ್ರಿಗಳು ಮದುವೆ ಆಗಿರೋದಿಲ್ಲ, ಜನ ಅವರನ್ನು ಫಾದರ್, ಸ್ವಾಮಿಗಳು ಅಂತ ಕರೀತಾರೆ. ಒಳಗೆ ಬಲಿಪೀಠದ ಹತ್ತಿರ ಒಂದು ಪುಟ್ಟ ಪೆಟ್ಟಿಗೆ ಇದ್ದು, ಅದರ ಪಕ್ಕದಲ್ಲಿ ಹಗಲೂ ರಾತ್ರಿ ಒಂದು ದೀಪ ಉರೀತಾ ಇರುತ್ತೆ. ಆ ದೀಪ ಯಾಕೆ ಅಂತ ಮುಂದೆ ಹೇಳ್ತೀವಿ.

ಆಡಳಿತದ ಲೆಕ್ಕವೂ ಒಂದಿಷ್ಟು ತಿಳಿದಿರಲಿ. ಒಂದು ಊರಿನ ಅಥವಾ ಬಡಾವಣೆಯ ಚರ್ಚಿನ ಸೀಮೆಗೆ ಧರ್ಮಕೇಂದ್ರ ಅಂತಾರೆ. ಹಲವು ಧರ್ಮಕೇಂದ್ರ ಸೇರಿದರೆ ಒಂದು ಧರ್ಮಕ್ಷೇತ್ರ, ಅದರ ಮುಖ್ಯಸ್ಥರು ಧರ್ಮಾಧ್ಯಕ್ಷರು, ಅಂದರೆ ಬಿಷಪ್. ನಮ್ಮ ಚಿತ್ರದುರ್ಗ ಜಿಲ್ಲೆ, ದಾವಣಗೆರೆ, ಶಿವಮೊಗ್ಗ ಮೂರೂ ಸೇರಿ 1988ರಲ್ಲಿ ಆದ ಶಿವಮೊಗ್ಗ ಧರ್ಮಕ್ಷೇತ್ರದಲ್ಲಿವೆ. ಬಿಷಪ್ಪರ ಪೀಠ ಇರುವ ಚರ್ಚನ್ನು ಕೆಥೆಡ್ರಲ್ ಅಂತಾರೆ. ನಮ್ಮ ಕಡೆಯವರಿಗೆ ಅದು ಶಿವಮೊಗ್ಗದ ಪವಿತ್ರ ಹೃದಯ ದೇವಾಲಯ. ಬಸಿಲಿಕ ಅನ್ನೋದು ಬೇರೆ. ಅದು ಪೋಪ್ ಒಂದು ಚರ್ಚಿಗೆ ಕೊಡುವ ಗೌರವದ ಪದವಿ. ಶಿವಾಜಿನಗರದ ಸಂತ ಮರಿಯಮ್ಮನವರ ಚರ್ಚು, ಕಾರ್ಕಳದ ಅತ್ತೂರಿನ ಸಂತ ಲಾರೆನ್ಸರ ಚರ್ಚು, ಹರಿಹರದ ಆರೋಗ್ಯ ಮಾತೆ ಕ್ಷೇತ್ರ ಇವಕ್ಕೆಲ್ಲ ಕಿರಿಯ ಬಸಿಲಿಕ ಅನ್ನುವ ಪದವಿ ಸಿಕ್ಕಿದೆ. ಅತ್ತೂರಿಗೆ ಸಿಕ್ಕಿದ್ದು 2016ರಲ್ಲಿ. ಬಸಿಲಿಕದ ಗುರುತಾಗಿ ಅರ್ಧ ಬಿಚ್ಚಿದ, ಕೆಂಪು ಹಳದಿ ಪಟ್ಟೆಯ ಒಂದು ರೇಷ್ಮೆ ಕೊಡೆ, ಕೋಲಿಗೆ ಕಟ್ಟಿದ ಒಂದು ಗಂಟೆ ಇಡೋ ಪದ್ಧತಿ ಇದೆ. ಉತ್ಸವಮೂರ್ತಿಗೆ ಸತ್ತಿಗೆ ಹಿಡಿಯೋದನ್ನು ನೋಡಿದ ಕಣ್ಣಿಗೆ ಇದೇನೂ ಹೊಸದು ಅನ್ನಿಸಲ್ಲ.

ಬಲಿಪೂಜೆ ಹೇಗೆ ನಡೆಯುತ್ತೆ

ಇಂಗ್ಲಿಷಿನಲ್ಲಿ ಮಾಸ್ ಅನ್ನೋದಕ್ಕೆ ಕನ್ನಡ ಕಥೋಲಿಕರು ಹೇಳುವ ಪದ ಬಲಿಪೂಜೆ. ಬಲಿ ಅಂದ ತಕ್ಷಣ ನಮ್ಮ ಕಡೆ ಮಾರಮ್ಮನ ಜಾತ್ರೆಯ ಕುರಿ ಕೋಳಿ ನೆನಪಾಗುತ್ತೆ. ಇಲ್ಲಿ ಯಾವ ಪ್ರಾಣಿಯೂ ಇಲ್ಲ. ಯೇಸು ಶಿಲುಬೆಯ ಮೇಲೆ ತನ್ನನ್ನೇ ಕೊಟ್ಟುಕೊಂಡದ್ದೇ ಬಲಿ, ಈ ಪೂಜೆಯಲ್ಲಿ ಆ ಒಂದೇ ಬಲಿ ಮತ್ತೆ ಕಣ್ಣೆದುರಿಗೆ ಬರುತ್ತೆ ಅನ್ನುವುದು ಅವರ ನಂಬಿಕೆ. ಮಾಸ್ ಅನ್ನುವ ಪದಕ್ಕೆ ಮೂಲ ಲ್ಯಾಟಿನ್ನಿನ ಮಿಸ್ಸ. ಪೂಜೆಯ ಕೊನೆಗೆ ಜನರನ್ನು ಹೋಗಿಬನ್ನಿ ಅಂತ ಕಳಿಸಿಕೊಡುವಾಗ ಹೇಳುವ ಮಾತದು.

ಪೂಜೆ ವಾರದ ದಿನ ಸುಮಾರು ಅರ್ಧ ಗಂಟೆ, ಭಾನುವಾರ ಸುಮಾರು ಒಂದು ಗಂಟೆ. ಹಬ್ಬದ ದಿನ ಇನ್ನೂ ಹೆಚ್ಚು. ಅದನ್ನು ನಾಲ್ಕು ಭಾಗ ಅಂತ ನೆನಪಿಟ್ಟುಕೊಂಡರೆ ಎಲ್ಲಿದ್ದೀವಿ ಅಂತ ಗೊತ್ತಾಗುತ್ತೆ.

ಮೊದಲನೆಯದು ಆರಂಭ. ಪಾದ್ರಿಗಳು ಮೆರವಣಿಗೆಯಲ್ಲಿ ಬರುವಾಗ ಎಲ್ಲರೂ ಎದ್ದು ಹಾಡ್ತಾರೆ. ಶಿಲುಬೆಯ ಗುರುತು ಹಾಕಿಕೊಂಡು, ಮಾಡಿದ ಪಾಪಗಳನ್ನು ನೆನೆದು ಕ್ಷಮೆ ಕೇಳ್ತಾರೆ.

ಎರಡನೆಯದು ವಾಚನ. ಬೈಬಲಿನಿಂದ ಓದ್ತಾರೆ. ಭಾನುವಾರ ಎರಡು ವಾಚನ, ನಡುವೆ ಒಂದು ಕೀರ್ತನೆ, ಆಮೇಲೆ ಶುಭಸಂದೇಶ. ಮೊದಲಿನವಕ್ಕೆ ಕೂತು ಕೇಳ್ತಾರೆ, ಶುಭಸಂದೇಶ ಓದುವಾಗ ಎಲ್ಲರೂ ಎದ್ದು ನಿಲ್ತಾರೆ, ಯಾಕಂದ್ರೆ ಅದು ಯೇಸುವಿನ ಮಾತು, ಯೇಸುವಿನ ಕಥೆ. ಏನು ಓದಬೇಕು ಅನ್ನೋದನ್ನು ಆ ಚರ್ಚಿನ ಪಾದ್ರಿ ತನಗೆ ತೋಚಿದ ಹಾಗೆ ಆರಿಸೋದಿಲ್ಲ. ಭಾನುವಾರಕ್ಕೆ ಮೂರು ವರ್ಷದ ಸಿಲಬಸ್ ಇದೆ, ವಾರದ ದಿನಗಳಿಗೆ ಎರಡು ವರ್ಷದ್ದು. ಒಂದು ಭಾನುವಾರ ಹರಿಹರದಲ್ಲಿ ಕನ್ನಡದಲ್ಲಿ ಓದಿದ್ದನ್ನೇ ರೋಮಿನಲ್ಲಿ ಇಟಾಲಿಯನ್ನಿನಲ್ಲಿ ಓದಿರ್ತಾರೆ. ವಾಚನ ಆದ ಮೇಲೆ ಪಾದ್ರಿಗಳ ಪ್ರಬೋಧನೆ, ವಿಶ್ವಾಸ ಪ್ರಮಾಣ, ಊರಿಗೆ, ದೇಶಕ್ಕೆ, ಕಾಯಿಲೆಯವರಿಗೆ ಪ್ರಾರ್ಥನೆ.

ಮೂರನೆಯದು ಪೂಜೆಯ ಎದೆಭಾಗ. ಗೋಧಿಯ ತೆಳು ಅಪ್ಪ ಮತ್ತು ದ್ರಾಕ್ಷಾರಸವನ್ನು ಬಲಿಪೀಠಕ್ಕೆ ತರ್ತಾರೆ. ಕಾಣಿಕೆ ಎತ್ತುವುದೂ ಈಗಲೇ. ಸಾಯುವ ಹಿಂದಿನ ರಾತ್ರಿ ಯೇಸು ಶಿಷ್ಯರ ಜೊತೆ ಊಟಕ್ಕೆ ಕೂತು ಹೇಳಿದ ಮಾತುಗಳನ್ನು ಪಾದ್ರಿಗಳು ಹೇಳಿ ಅಪ್ಪವನ್ನೂ ಪಾತ್ರೆಯನ್ನೂ ಎತ್ತಿ ತೋರಿಸ್ತಾರೆ. ಆಗ ಗಂಟೆ ಬಾರಿಸ್ತಾರೆ, ಜನ ಮಂಡಿಯೂರ್ತಾರೆ. ಇಡೀ ಪೂಜೆಯಲ್ಲಿ ಪಿಸುಮಾತೂ ಆಡಬಾರದ ಹೊತ್ತು ಯಾವುದು ಅಂದ್ರೆ ಇದೇ. ಆಮೇಲೆ ಯೇಸು ಕಲಿಸಿದ ಪ್ರಾರ್ಥನೆ. ಅದಾದ ಮೇಲೆ ಅಕ್ಕಪಕ್ಕದವರಿಗೆ ಶಾಂತಿ ಕೋರ್ತಾರೆ. ಪಶ್ಚಿಮದಲ್ಲಿ ಕೈ ಕುಲುಕ್ತಾರೆ, ನಮ್ಮಲ್ಲಿ ಕೈ ಮುಗೀತಾರೆ. ಪಕ್ಕದವರು ಕೈ ಮುಗಿದರೆ ನಾವೂ ಮುಗಿದರೆ ಆಯಿತು. ಕೊನೆಗೆ ಪರಮಪ್ರಸಾದ.

ನಾಲ್ಕನೆಯದು ಆಶೀರ್ವಾದ, ಕಳಿಸಿಕೊಡುವುದು.

ಪಾದ್ರಿಗಳ ಮೇಲುಡುಪಿನ ಬಣ್ಣ ನೋಡಿದರೂ ದಿನ ಯಾವುದು ಅಂತ ಗೊತ್ತಾಗುತ್ತೆ. ಸಾಧಾರಣ ದಿನಕ್ಕೆ ಹಸಿರು, ತಪಸ್ಸುಕಾಲಕ್ಕೂ ಕ್ರಿಸ್ಮಸ್ಸಿಗೆ ಮುಂಚಿನ ವಾರಗಳಿಗೂ ನೇರಳೆ, ಧರ್ಮಕ್ಕಾಗಿ ಸತ್ತ ಸಂತರ ದಿನಕ್ಕೆ ಕೆಂಪು, ದೊಡ್ಡ ಹಬ್ಬಗಳಿಗೂ ಮರಿಯಮ್ಮನವರ ಹಬ್ಬಗಳಿಗೂ ಬಿಳಿ. ವರ್ಷದಲ್ಲಿ ಶುಭ ಶುಕ್ರವಾರ ಮಾತ್ರ ಬಲಿಪೂಜೆಯೇ ಇರೋದಿಲ್ಲ. ಅವತ್ತು ವಾಚನ, ಪ್ರಾರ್ಥನೆ, ಶಿಲುಬೆಯ ವಂದನೆ ಇರುತ್ತೆ. ಆ ದಿನ ರಜೆ ಇದೆ ಅಂತ ಪೂಜೆ ನೋಡೋಕೆ ಹೊರಡುವವರು ಇದನ್ನು ನೆನಪಿಡಿ.

ಆ ಸಾಲಿಗೆ ಯಾಕೆ ಹೋಗಬಾರದು

ಗೆಳೆಯ ಹೇಳಿದ ಮಾತಿಗೆ ಬರೋಣ. ಗುಡಿಯಲ್ಲಿ ಪ್ರಸಾದ ಯಾರು ಬೇಕಾದರೂ ತಗೋಬಹುದು. ಕೊಟ್ಟದ್ದನ್ನು ಬೇಡ ಅಂದ್ರೇನೇ ತಪ್ಪು. ಪರಮಪ್ರಸಾದ ಅನ್ನುವ ಪದದಲ್ಲೂ ಪ್ರಸಾದ ಇದೆಯಲ್ಲ, ಹಾಗಾಗಿ ನಮ್ಮವರು ಭಕ್ತಿಯಿಂದಲೇ ಆ ಸಾಲಿಗೆ ಹೋಗಿಬಿಡ್ತಾರೆ. ಆದರೆ ಹೆಸರು ಒಂದೇ ತರಹ ಇದ್ದರೂ ಅರ್ಥ ಬೇರೆ.

ಕಥೋಲಿಕರ ನಂಬಿಕೆಯ ಪ್ರಕಾರ ಆ ಹೊತ್ತಿನಲ್ಲಿ ಅಪ್ಪ ಅಪ್ಪವಾಗಿ ಉಳಿದಿರೋದಿಲ್ಲ. ನೋಡೋಕೆ, ರುಚಿಗೆ ಹಾಗೇ ಇದ್ದರೂ ಅದು ಯೇಸುವಿನ ಶರೀರವೇ ಆಗಿರುತ್ತೆ. ಸಂಕೇತ ಅಂತಲ್ಲ, ನಿಜವಾಗಿಯೇ ಅಂತ ಅವರು ನಂಬುತ್ತಾರೆ. ಉಳಿದದ್ದನ್ನು ಆ ಪುಟ್ಟ ಪೆಟ್ಟಿಗೆಯಲ್ಲಿ ಇಡೋದು, ಪಕ್ಕದಲ್ಲಿ ದೀಪ ಆರದ ಹಾಗೆ ನೋಡಿಕೊಳ್ಳೋದು ಇದೇ ಕಾರಣಕ್ಕೆ. ದೀಪ ಉರೀತಾ ಇದೆ ಅಂದ್ರೆ ಸ್ವಾಮಿ ಒಳಗಿದ್ದಾರೆ ಅಂತ. ಅದಕ್ಕೇ ಅದರ ಮುಂದೆ ಹಾದುಹೋಗುವಾಗ ಅವರು ಮಂಡಿ ಬಗ್ಗಿಸ್ತಾರೆ.

ಪರಮಪ್ರಸಾದವನ್ನು ಕಥೋಲಿಕರ ಮಕ್ಕಳಿಗೂ ಹುಟ್ಟಿನಿಂದ ಕೊಡೋದಿಲ್ಲ. ಪಾಠ ಕಲಿತು, ಪಾಪನಿವೇದನೆ ಮಾಡಿ, ಮೊದಲ ಪರಮಪ್ರಸಾದ ಅನ್ನುವ ದಿನ ಸ್ವೀಕರಿಸ್ತಾರೆ. ದೊಡ್ಡವರೂ ಅದಕ್ಕೆ ಒಂದು ಗಂಟೆ ಮುಂಚಿನಿಂದ ಏನೂ ತಿನ್ನೋ ಹಾಗಿಲ್ಲ. ದೊಡ್ಡ ಪಾಪ ಮಾಡಿದೀನಿ ಅಂತ ಮನಸ್ಸಿಗೆ ಗೊತ್ತಿದ್ದವರು ಪಾಪನಿವೇದನೆ ಮಾಡದೆ ಹೋಗೋದಿಲ್ಲ. ಅಂದರೆ ಆ ಹೊತ್ತಿಗೆ ಬೆಂಚಿನಲ್ಲೇ ಕೂತಿರುವ ಕಥೋಲಿಕರೂ ಇರ್ತಾರೆ. ಹಾಗಾಗಿ ನಾವು ಕೂತೇ ಇದ್ದರೆ ಯಾರೂ ವಿಚಿತ್ರವಾಗಿ ನೋಡಲ್ಲ. ಸಾಲಿಗೆ ಹೋಗೋದು ಅಂದರೆ, ಇದನ್ನೆಲ್ಲ ನಾನು ನಂಬ್ತೀನಿ, ನಾನು ಈ ಸಭೆಯವನು ಅಂತ ಎಲ್ಲರ ಮುಂದೆ ಹೇಳಿದ ಹಾಗೆ. ನಂಬದೆ ಹಾಗೆ ಹೇಳೋದು ಅವರಿಗೂ ನೋವು, ನಮಗೂ ಸುಳ್ಳು. ಬೆಂಚಿನಲ್ಲೇ ಕೂತು ಕೈ ಮುಗಿದರೆ ಅದು ಪ್ರಾಮಾಣಿಕವಾದ ಗೌರವ. ಇನ್ನೊಂದು ಮಾತು: ಅದನ್ನು ತಗೊಂಡು ಜೇಬಿಗೋ ಪರ್ಸಿಗೋ ಹಾಕಿಕೊಂಡು ಮನೆಯವರಿಗೆ ಅಂತ ತರೋದು ಅವರ ಮನಸ್ಸಿಗೆ ಬಹಳ ದೊಡ್ಡ ಅಪಚಾರ.

ಪೂಜೆಗೆ ಕೂತರೆ ಮತ ಬದಲಾಗುತ್ತಾ?

ಮನೆಯವರ ಭಯವನ್ನು ನಕ್ಕು ತಳ್ಳಿಹಾಕೋದು ಸರಿಯಲ್ಲ. ಅವರು ಕೇಳಿದ ಸುದ್ದಿ, ನೋಡಿದ ಜಗಳ ಅವರನ್ನು ಹಾಗೆ ಮಾಡಿರುತ್ತೆ. ಅದಕ್ಕೆ ನಿಯಮ ಏನು ಹೇಳುತ್ತೆ ಅಂತ ನೋಡೋಣ.

ಕಥೋಲಿಕರಾಗುವ ಬಾಗಿಲು ಸ್ನಾನದೀಕ್ಷೆ, ಅಂದರೆ ಬ್ಯಾಪ್ಟಿಸಮ್. ಪೂಜೆಗೆ ಕೂತರೆ, ಮೇಣದಬತ್ತಿ ಹಚ್ಚಿದರೆ, ತೀರ್ಥ ಮುಟ್ಟಿದರೆ ಯಾರೂ ಕಥೋಲಿಕರಾಗೋದಿಲ್ಲ. ದೊಡ್ಡವರೊಬ್ಬರು ದೀಕ್ಷೆ ಬೇಕು ಅಂತ ತಾವಾಗಿಯೇ ಕೇಳಿದರೂ ಕೂಡಲೇ ಕೊಡೋದಿಲ್ಲ. ಸಾಮಾನ್ಯವಾಗಿ ತಿಂಗಳುಗಟ್ಟಲೆ ಪಾಠ, ಪರಿಶೀಲನೆ ಆಗಿ, ಹೆಚ್ಚಾಗಿ ಈಸ್ಟರ್ ಹಿಂದಿನ ರಾತ್ರಿಯ ಪೂಜೆಯಲ್ಲಿ ಕೊಡ್ತಾರೆ. ಯಾರನ್ನೂ ಅವರ ಮನಸ್ಸಿಗೆ ವಿರುದ್ಧವಾಗಿ ಈ ನಂಬಿಕೆಗೆ ಒತ್ತಾಯ ಮಾಡಬಾರದು ಅಂತ ಚರ್ಚಿನ ಕಾನೂನಿನಲ್ಲೇ ಇದೆ. 1962ರಿಂದ 1965ರವರೆಗೆ ನಡೆದ ಎರಡನೇ ವ್ಯಾಟಿಕನ್ ಮಹಾಸಭೆ ಧಾರ್ಮಿಕ ಸ್ವಾತಂತ್ರ್ಯದ ಬಗ್ಗೆ ಒಂದು ಘೋಷಣೆಯನ್ನೇ ಹೊರಡಿಸಿತು. ಅದೇ ಸಭೆಯ ಇನ್ನೊಂದು ಘೋಷಣೆ ಬೇರೆ ಧರ್ಮಗಳಲ್ಲಿ ಸತ್ಯವೂ ಪವಿತ್ರವೂ ಆದದ್ದು ಏನಿದೆಯೋ ಅದನ್ನು ಚರ್ಚು ತಿರಸ್ಕರಿಸೋದಿಲ್ಲ ಅನ್ನುತ್ತೆ. ನಮ್ಮ ಸಂವಿಧಾನದ 25ನೇ ವಿಧಿ ಆತ್ಮಸಾಕ್ಷಿಯ ಸ್ವಾತಂತ್ರ್ಯ ಕೊಟ್ಟಿರೋದು ಎಲ್ಲರಿಗೂ. ಹೋಗುವವರಿಗೂ ಇದೆ, ನಾನು ಬರಲ್ಲ ಅನ್ನುವವರಿಗೂ ಇದೆ.

ಹಾಗಾಗಿ ನಾವು ಒಂದು ತೀರ್ಮಾನಕ್ಕೆ ಬಂದ್ವಿ. ಮನೆಗೆ ಹೇಳದೆ ಕದ್ದು ಹೋಗೋದು ಬೇಡ. ಇಂಥ ಕಡೆ ಹೋಗ್ತೀವಿ, ಇಷ್ಟು ಹೊತ್ತಿಗೆ ಬರ್ತೀವಿ, ಇಂಥದ್ದನ್ನು ನೋಡ್ತೀವಿ, ಇಂಥದ್ದನ್ನು ಮಾಡಲ್ಲ ಅಂತ ವಿವರವಾಗಿ ಹೇಳೋದು. ಗುಟ್ಟಾಗಿ ಮಾಡಿದರೆ ಅವರ ಅನುಮಾನಕ್ಕೆ ನಾವೇ ಸಾಕ್ಷಿ ಕೊಟ್ಟ ಹಾಗೆ ಆಗುತ್ತೆ.

ಮಾತೆ, ಮೇಣದಬತ್ತಿ, ಹರಕೆ

ಮರಿಯಮ್ಮನವರನ್ನು ದೇವರು ಅಂತ ಪೂಜಿಸ್ತಾರಾ? ಇಲ್ಲ. ಆರಾಧನೆ ದೇವರಿಗೆ ಮಾತ್ರ, ಮರಿಯಮ್ಮನವರಿಗೂ ಸಂತರಿಗೂ ಗೌರವ, ವಂದನೆ. ನಮಗಾಗಿ ದೇವರ ಹತ್ತಿರ ಬೇಡಿಕೊಳ್ಳಮ್ಮ ಅಂತ ಅವರ ಪ್ರಾರ್ಥನೆ. ಅಪ್ಪನ ಹತ್ತಿರ ಒಂದು ಮಾತು ಹೇಳು ಅಂತ ನಾವು ಅಮ್ಮನ ಹಿಂದೆ ಬೀಳ್ತೀವಲ್ಲ, ಹಾಗೆ. ಕೈಯಲ್ಲಿ ಹಿಡಿಯುವ ಜಪಸರದಲ್ಲಿ ಹತ್ತತ್ತು ಮಣಿಯ ಐದು ಗುಂಪು ಇರುತ್ತೆ. ಮಣಿಗೊಂದು ಸಲ ನಮೋ ಮರಿಯಾ ಪ್ರಾರ್ಥನೆ ಹೇಳ್ತಾ, ಯೇಸುವಿನ ಬದುಕಿನ ಒಂದೊಂದು ಘಟನೆಯನ್ನು ಧ್ಯಾನಿಸ್ತಾರೆ.

ಮೇಣದಬತ್ತಿ ಯಾರು ಬೇಕಾದರೂ ಹಚ್ಚಬಹುದು. ಹೂ ಕೊಡಬಹುದು. ಕಾಣಿಕೆ ಹಾಕಬಹುದು, ಹಾಕದೆಯೂ ಇರಬಹುದು. ಗುಡಿಯಲ್ಲಿ ಸೇವೆಗೆ ಚೀಟಿ ಮಾಡಿಸುವ ಹಾಗೆ ಇಲ್ಲಿ ಪೂಜೆ ಬರೆಸ್ತಾರೆ. ತೀರಿಕೊಂಡವರಿಗಾಗಿ, ಕಾಯಿಲೆಯವರಿಗಾಗಿ, ಕೃತಜ್ಞತೆಗಾಗಿ ಅಂತ ಹೇಳಿದರೆ ಆ ಪೂಜೆಯಲ್ಲಿ ಅವರಿಗಾಗಿ ಪ್ರಾರ್ಥನೆ ಆಗುತ್ತೆ. ಗೋಡೆಯುದ್ದಕ್ಕೂ ಹದಿನಾಲ್ಕು ಚಿತ್ರ ಕಂಡರೆ ಅದು ಶಿಲುಬೆಯ ಹಾದಿ, ಮರಣದಂಡನೆಯಿಂದ ಸಮಾಧಿಯವರೆಗಿನ ಹದಿನಾಲ್ಕು ನಿಲ್ದಾಣ. ಜೆರುಸಲೇಮಿಗೆ ಯಾತ್ರೆ ಹೋಗಲಾಗದವರಿಗೆ ಊರಲ್ಲೇ ಆ ಯಾತ್ರೆ ಮಾಡಿದ ಹಾಗೆ.

ಕಥೋಲಿಕ ಯಾತ್ರಿಕರ ಜೊತೆ ಹೊರಟರೆ ಒಂದು ವಿಷಯ ಗಮನಿಸ್ತೀರಿ. ಊರು ಮುಟ್ಟಿದ ತಕ್ಷಣ ಅವರು ಕೇಳೋದು, ಪೂಜೆ ಎಷ್ಟು ಗಂಟೆಗೆ ಅಂತ. ಭಾನುವಾರದ ಪೂಜೆಯನ್ನು ಅವರು ಎಲ್ಲಿದ್ದರೂ ತಪ್ಪಿಸೋ ಹಾಗಿಲ್ಲ. ಆದರೆ ಯಾವ ಊರಿನ ಕಥೋಲಿಕ ಚರ್ಚಿನಲ್ಲಾದರೂ ಸರಿ, ಶನಿವಾರ ಸಂಜೆಯ ಪೂಜೆಗೆ ಹೋದರೂ ಸರಿ. ಬಸ್ಸಿನ ಟೈಮ್ ಹಾಕುವಾಗ ಇದನ್ನು ಲೆಕ್ಕಕ್ಕೆ ತಗೊಳ್ಳಿ.

ಪೂಜೆಯಲ್ಲಿ ಕನ್ನಡ

ಕನ್ನಡ ಸಂಘದವರಾಗಿ ನಮಗೆ ಹೆಚ್ಚು ಹಿಡಿಸಿದ್ದು ಇದು. ಎರಡನೇ ವ್ಯಾಟಿಕನ್ ಸಭೆಗೆ ಮುಂಚೆ ಬಲಿಪೂಜೆ ನಡೀತಾ ಇದ್ದದ್ದು ಲ್ಯಾಟಿನ್ನಿನಲ್ಲಿ. ಹಾಡು, ಜಪ ಕನ್ನಡದಲ್ಲಿ ಇದ್ದರೂ ಮುಖ್ಯ ಮಂತ್ರಗಳು ಜನಕ್ಕೆ ಅರ್ಥವಾಗದ ಭಾಷೆಯಲ್ಲಿ. ಆ ಸಭೆ ಜನರ ಭಾಷೆಗೆ ಬಾಗಿಲು ತೆಗೆದ ಮೇಲೆ ಕನ್ನಡ ಬಲಿಪೀಠ ಹತ್ತಿತು. 1969ರಲ್ಲಿ ಭಾರತದ ಚರ್ಚಿಗೆ ಹನ್ನೆರಡು ಬದಲಾವಣೆಗಳಿಗೂ ರೋಮ್ ಒಪ್ಪಿಗೆ ಕೊಟ್ಟಿತು. ನೆಲದ ಮೇಲೆ ಕೂರೋದು, ಕೈ ಮುಗಿದು ವಂದಿಸೋದು, ಆರತಿ ಎತ್ತೋದು, ಮೇಣದಬತ್ತಿಯ ಜಾಗದಲ್ಲಿ ಎಣ್ಣೆ ದೀಪ ಇವೆಲ್ಲ ಅದರಲ್ಲಿವೆ. ಎಲ್ಲ ಚರ್ಚುಗಳೂ ಎಲ್ಲವನ್ನೂ ತಗೊಂಡಿಲ್ಲ, ಆದರೆ ಆರತಿ ಕಂಡರೆ ಅದೇನು ಇಲ್ಲಿ ಅಂತ ಬೆರಗಾಗಬೇಡಿ.

ಪದಗಳನ್ನೇ ನೋಡಿ. ಬಲ್ಪೂಜೆ ಅಂತ ಆಡುಮಾತಿನಲ್ಲಿ ಓಡುವ ಬಲಿಪೂಜೆ, ಪರಮಪ್ರಸಾದ, ಜಪಸರ, ಪಾಪನಿವೇದನೆ, ಶುಭಸಂದೇಶ, ಧರ್ಮಾಧ್ಯಕ್ಷ, ತಪಸ್ಸುಕಾಲ. ಪ್ರೊಟೆಸ್ಟಂಟರ ಹಳೆಯ ಕನ್ನಡ ಬೈಬಲಿನಲ್ಲಿ ಯೆಹೋವ ಅಂತ ಇರುವ ಕಡೆ ಕಥೋಲಿಕರು ಸರ್ವೇಶ್ವರ ಅಂತಾರೆ. ಇಂಗ್ಲಿಷ್ ಮೀಡಿಯಮ್ಮಿನಲ್ಲಿ ಓದಿದ ನಮಗೆ ಈ ಪದಗಳ ಇಂಗ್ಲಿಷ್ ರೂಪ ಗೊತ್ತಿತ್ತು, ಕನ್ನಡ ರೂಪ ಗೊತ್ತಿರಲಿಲ್ಲ. ಹೊಸ ವಿಷಯಕ್ಕೆ ಕನ್ನಡದಲ್ಲಿ ಪದ ಕಟ್ಟೋಕೆ ಆಗಲ್ಲ ಅಂತ ಲ್ಯಾಬಿನಲ್ಲಿ ವಾದ ಮಾಡುವವರು ಒಂದು ಭಾನುವಾರ ಕನ್ನಡ ಪೂಜೆಗೆ ಕೂತು ಬರಬಹುದು.

ಎಲ್ಲ ಕಡೆ ಎಲ್ಲ ಪೂಜೆಯೂ ಕನ್ನಡದಲ್ಲೇ ಇರುತ್ತೆ ಅಂದ್ಕೋಬೇಡಿ. ಕರಾವಳಿಯಲ್ಲಿ ಕೊಂಕಣಿ, ಬೆಂಗಳೂರಿನಲ್ಲಿ ಕನ್ನಡ, ತಮಿಳು, ಇಂಗ್ಲಿಷ್ ಬೇರೆ ಬೇರೆ ಹೊತ್ತಿಗೆ ಇರುತ್ತವೆ. ಚರ್ಚಿನ ಫಲಕದಲ್ಲಿ ಹೊತ್ತು, ಭಾಷೆ ಎರಡನ್ನೂ ನೋಡಿಕೊಂಡು ಹೋಗಿ.

ಹೊರಡುವ ದಿನಕ್ಕೆ

ಮೈ ತುಂಬ ಬಟ್ಟೆ ಹಾಕಿಕೊಳ್ಳಿ, ಟೋಪಿ ತೆಗೆಯಿರಿ. ಚಪ್ಪಲಿ ಕೆಲವು ಚರ್ಚಿನಲ್ಲಿ ಹೊರಗೆ ಬಿಡ್ತಾರೆ, ಕೆಲವು ಕಡೆ ಇಲ್ಲ, ಬಾಗಿಲಲ್ಲಿ ಬೇರೆಯವರು ಏನು ಮಾಡ್ತಾರೋ ಹಾಗೇ ಮಾಡಿ. ಪೂಜೆ ಶುರುವಾಗೋಕೆ ಹತ್ತು ನಿಮಿಷ ಮುಂಚೆ ಹೋಗಿ ಹಿಂದಿನ ಬೆಂಚಿನಲ್ಲಿ ಕೂರಿ. ಹಿಂದೆ ಕೂತರೆ ಯಾವಾಗ ಏಳಬೇಕು, ಯಾವಾಗ ಕೂರಬೇಕು ಅಂತ ಮುಂದಿನವರನ್ನು ನೋಡಿ ತಿಳೀಬಹುದು. ಎಲ್ಲರೂ ಎದ್ದಾಗ ಎದ್ದು ನಿಲ್ಲೋದು ಮರ್ಯಾದೆ. ಮಂಡಿಯೂರೋದು, ಶಿಲುಬೆಯ ಗುರುತು ಹಾಕಿಕೊಳ್ಳೋದು, ಪ್ರಾರ್ಥನೆಗೆ ದನಿ ಸೇರಿಸೋದು ನಂಬುವವರಿಗೆ ಸೇರಿದ್ದು, ಅತಿಥಿಗಳು ಸುಮ್ಮನೆ ಕೂತಿದ್ದರೆ ಸಾಕು.

ಮೊಬೈಲ್ ಸೈಲೆಂಟಿನಲ್ಲಿರಲಿ. ಪೂಜೆಯ ನಡುವೆ ಫೋಟೊ, ರೀಲ್ಸ್ ಬೇಡ. ಪಾಪನಿವೇದನೆಗೆ ಸಾಲು ನಿಂತವರ ಹತ್ತಿರ ಹೋಗಿ ನಿಂತು ಮಾತು ಕೇಳಿಸಿಕೊಳ್ಳೋದು, ಅಳುತ್ತಾ ಪ್ರಾರ್ಥಿಸುವವರ ಫೋಟೊ ತೆಗೆಯೋದು ಖಂಡಿತ ಬೇಡ. ಕಟ್ಟಡ ನೋಡೋ ಆಸೆ ಇದ್ದರೆ ಪೂಜೆ ಇಲ್ಲದ ಹೊತ್ತಿಗೆ ಹೋಗಿ. ಮೈಸೂರಿನ ಸಂತ ಫಿಲೋಮಿನಾ ಚರ್ಚಿಗೆ 1933ರಲ್ಲಿ ಅಡಿಗಲ್ಲು ಹಾಕಿದ್ದು ನಾಲ್ವಡಿ ಕೃಷ್ಣರಾಜ ಒಡೆಯರು. ಜರ್ಮನಿಯ ಕಲೋನ್ ಕೆಥೆಡ್ರಲ್ಲಿನ ಮಾದರಿಯ ಆ ಜೋಡಿ ಗೋಪುರಗಳನ್ನು ನೋಡೋಕೆ ಸಿವಿಲ್ ಬ್ರಾಂಚಿನವರು ಅರ್ಧ ದಿನ ಇಟ್ಟುಕೊಂಡು ಹೋಗಬೇಕು. ಅಲ್ಲೂ ಅಷ್ಟೇ, ಒಳಗೆ ಯಾರಾದರೂ ಮಂಡಿಯೂರಿದ್ದರೆ ದನಿ ತಗ್ಗಿಸಿ.

ಪ್ರಶ್ನೆ ಇದ್ದರೆ ಪೂಜೆ ಮುಗಿದ ಮೇಲೆ ಹೊರಗೆ ನಿಂತ ಪಾದ್ರಿಗಳನ್ನೋ, ಪಕ್ಕದ ಹಿರಿಯರನ್ನೋ ಕೇಳಿ. ನಾವು ಕಥೋಲಿಕರಲ್ಲ, ಗೆಳೆಯನ ಜೊತೆ ಬಂದಿದೀವಿ ಅಂತ ಮೊದಲೇ ಹೇಳಿದರೆ ಮಾತು ಸಲೀಸಾಗುತ್ತೆ.

ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿ ಸಿಕ್ಕಿದ ಅಶೋಕನ ಶಾಸನದಲ್ಲಿ ಅವನ ಹನ್ನೆರಡನೆಯ ಆಜ್ಞೆ ಇದೆ. ತನ್ನ ಪಂಥವನ್ನು ಹೊಗಳೋಕೆ ಹೋಗಿ ಬೇರೆಯವರದನ್ನು ತೆಗಳುವವನು ತನ್ನ ಪಂಥಕ್ಕೇ ಕೇಡು ಮಾಡ್ತಾನೆ, ಒಬ್ಬರ ಧರ್ಮವನ್ನು ಇನ್ನೊಬ್ಬರು ಕಿವಿಗೊಟ್ಟು ಕೇಳಬೇಕು ಅನ್ನೋದು ಅದರ ಸಾರಾಂಶ. ಕೇಳಬೇಕು ಅಂದನೇ ಹೊರತು ಎಲ್ಲರೂ ಒಂದೇ ಆಗಬೇಕು ಅನ್ನಲಿಲ್ಲ. ಪೂಜೆ ನಡೆಯುವಾಗ ಹಿಂದಿನ ಬೆಂಚಿನಲ್ಲಿ ಸುಮ್ಮನೆ ಕೂತು ಕೇಳುವ ಅತಿಥಿ ಮಾಡೋದೂ ಅಷ್ಟೇ. ಸೆಪ್ಟೆಂಬರ್ 8 ವಾರದ ನಡುವೆ ಬಂದು ಇಂಟರ್ನಲ್ಸ್ ಅಡ್ಡ ಬಂದರೆ ಬೇಸರ ಬೇಡ, ಅದಕ್ಕೆ ಮುಂಚಿನ ಒಂಬತ್ತು ದಿನವೂ ನೊವೇನ ಇರುತ್ತೆ, ಭಾನುವಾರಗಳಂತೂ ವರ್ಷವಿಡೀ ಇವೆ. ನಾಯಕನಹಟ್ಟಿ ತೇರಿಗೆ ನಮ್ಮ ಕಥೋಲಿಕ ಗೆಳೆಯನನ್ನು ಕರೆಯೋದು ಮಾತ್ರ ಮರೀಬೇಡಿ. ಅವನಿಗೂ ಎಲ್ಲಿ ನಿಲ್ಲಬೇಕು, ಏನು ಮಾಡಬೇಕು ಅಂತ ಯಾರಾದರೂ ಹೇಳಿಕೊಡಬೇಕಲ್ಲ.